ಸಂಬಳದ ಅಂಕಿ, ಉಳಿತಾಯದ ಅಂಕಿ: ಮುಂಬಯಿಗೆ ಹೊರಡುವ ಮುನ್ನ

ಪದವಿಯ ಕೊನೆಯ ವರ್ಷ ಮುಗಿಯುತ್ತಿದ್ದಂತೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಊರಿನ ಸಮೀಪದಲ್ಲಿಯೇ ಸಿಕ್ಕ ಕೆಲಸಕ್ಕೆ ಸೇರುವುದೋ, ಹೆಚ್ಚು ಸಂಬಳದ ಮುಂಬಯಿಗೆ ಹೊರಡುವುದೋ? ಸೊಲ್ಲಾಪುರದಲ್ಲಿ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗಾಗುವಷ್ಟರಲ್ಲಿ ಮುಂಬಯಿಯಲ್ಲಿ ಇಳಿಯುತ್ತಾರೆ. 2023ರ ಫೆಬ್ರವರಿಯಿಂದ ವಂದೇ ಭಾರತ್ ರೈಲೂ ಓಡುತ್ತಿದೆ. ಸುಮಾರು 450 ಕಿಲೋಮೀಟರ್ ದೂರದ ಈ ಪ್ರಯಾಣ ಇಂದು ಕಷ್ಟದ್ದಲ್ಲ. ಕಷ್ಟವಿರುವುದು ಹೋಗಬೇಕೆ ಬೇಡವೆ ಎಂದು ತೂಗಿ ನೋಡುವುದರಲ್ಲಿ. ಹೆಚ್ಚಿನ ಮನೆಗಳಲ್ಲಿ ಈ ತೂಕ ಸಂಬಳವೆಂಬ ಒಂದೇ ಅಂಕಿಯ ಮೇಲೆ ನಡೆಯುತ್ತದೆ. ಆ ಅಂಕಿಯೊಂದೇ ನಿರ್ಧಾರಕ್ಕೆ ಸಾಲದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ವಲಸೆ ಈ ನಾಡಿಗೆ ಹೊಸತಲ್ಲ

ಒಂದು ಕಾಲಕ್ಕೆ ಸೊಲ್ಲಾಪುರವೇ ಜನರನ್ನು ಸೆಳೆಯುವ ಊರಾಗಿತ್ತು. 1877ರಲ್ಲಿ ಇಲ್ಲಿ ಮೊದಲ ಬಟ್ಟೆ ಗಿರಣಿ ಆರಂಭವಾಯಿತು. ಮುಂದೆ ಗಿರಣಿಗಳು ಹೆಚ್ಚಿದಂತೆ ಸುತ್ತಲಿನ ಕನ್ನಡ ಹಳ್ಳಿಗಳ ರೈತಾಪಿ ಜನ, ತೆಲುಗು ನಾಡಿನ ಪದ್ಮಶಾಲಿ ನೇಕಾರರು ಇಲ್ಲಿಗೆ ಬಂದು ನೆಲೆಸಿದರು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಪ್ರವಾಹದ ದಿಕ್ಕು ಬದಲಾಯಿತು. ಅದೇ ಗಿರಣಿ ಓಣಿಗಳ ಮಕ್ಕಳು ಪುಣೆ, ಭಿವಂಡಿ, ಮುಂಬಯಿಗಳ ಕಡೆ ಹೊರಟರು. ಮುಂಬಯಿಯ ಗಿರಣಿಗಳಿಗೂ 1982ರ ಜನವರಿಯಲ್ಲಿ ಆರಂಭವಾದ ದೀರ್ಘ ಮುಷ್ಕರದ ನಂತರ ಮೊದಲಿನ ದಿನಗಳು ಮರಳಲಿಲ್ಲ. ಈಗ ಅಲ್ಲಿಗೆ ಹೋಗುವವರು ಗಿರಣಿಯ ಪಾಳಿಗಲ್ಲ, ಬ್ಯಾಂಕು, ವಿಮೆ, ಆಸ್ಪತ್ರೆ, ಬಂದರು, ಸರಕು ಸಾಗಣೆಯ ಕಚೇರಿಗಳಿಗೆ ಹೋಗುತ್ತಾರೆ. ಸೊಲ್ಲಾಪುರದಲ್ಲಿ ನೇಯ್ದ ಟವೆಲ್ಲುಗಳು, ಈ ಭಾಗದ ದಾಳಿಂಬೆ, ದ್ರಾಕ್ಷಿಗಳು ಹೊರದೇಶಕ್ಕೆ ಸಾಗಲು ಸಮುದ್ರದ ದಾರಿ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರು. ಸರಕು ಹೋದ ದಾರಿಯಲ್ಲಿಯೇ ಕೆಲಸವೂ ಹೋಗಿದೆ.

ಅಲ್ಲಿ ಬಾಡಿಗೆ ಏಕೆ ದುಬಾರಿ

ಮುಂಬಯಿಯ ದುಬಾರಿತನಕ್ಕೆ ಮೊದಲ ಕಾರಣ ಅದರ ಭೂಗೋಳ. ಏಳು ದ್ವೀಪಗಳನ್ನು ಕೂಡಿಸಿ ಬೆಳೆದ ಈ ನಗರಕ್ಕೆ ಮೂರು ಕಡೆ ನೀರು. ಸೊಲ್ಲಾಪುರದಂಥ ಬಯಲುಸೀಮೆಯ ಊರು ನಾಲ್ಕು ದಿಕ್ಕಿಗೂ ಹರಡಬಲ್ಲದು, ಮುಂಬಯಿ ಉತ್ತರಕ್ಕೆ ಮಾತ್ರ ಚಾಚಬಲ್ಲದು. ಹೀಗಾಗಿ ಬಡ ಮತ್ತು ಮಧ್ಯಮ ವರ್ಗದ ವಸತಿ ಕಲ್ಯಾಣ, ಡೊಂಬಿವಲಿ, ವಸಯಿ, ವಿರಾರ್‌ಗಳವರೆಗೆ ಸರಿಯಿತು. ಕಚೇರಿಗಳಲ್ಲಿ ಹಲವು ಮಾತ್ರ ದಕ್ಷಿಣದ ತುದಿಯಲ್ಲಿಯೇ ಉಳಿದವು.

ಎರಡನೆಯ ಕಾರಣ ಕಾನೂನಿನದು. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಬಾಡಿಗೆದಾರರಿಗೆ ರಕ್ಷಣೆ ನೀಡಿತು. ಬಾಡಿಗೆ ಏರಿಸಲಾಗದ, ಬಾಡಿಗೆದಾರರನ್ನು ಬಿಡಿಸಲಾಗದ ಮಾಲೀಕರು ಹೊಸ ಖೋಲಿಗಳನ್ನು ಬಾಡಿಗೆಗೆ ಕೊಡಲು ಹಿಂಜರಿದರು. ಪಗಡಿ ಪದ್ಧತಿ ಬೇರೂರಿತು. ಹಳೆಯ ಚಾಳುಗಳಲ್ಲಿ ಅಲ್ಪ ಬಾಡಿಗೆಗೆ ಇರುವವರೂ, ಪಕ್ಕದ ಹೊಸ ಕಟ್ಟಡದಲ್ಲಿ ಅದರ ಎಷ್ಟೋ ಪಟ್ಟು ಕೊಡುವವರೂ ಒಂದೇ ಬೀದಿಯಲ್ಲಿರುವುದು ಇದರಿಂದಲೇ. ಹೊಸದಾಗಿ ಹೋಗುವವನು ಸೇರುವುದು ಯಾವಾಗಲೂ ಎರಡನೆಯ ಗುಂಪಿಗೆ.

ಊರಿಂದೂರಿಗೆ ಮನೆಬಾಡಿಗೆ ಬೇರೆಯೆಂಬುದನ್ನು ಸರ್ಕಾರವೂ ಒಪ್ಪಿದೆ. ಕೇಂದ್ರ ಸರ್ಕಾರದ ನೌಕರರ ಮನೆಬಾಡಿಗೆ ಭತ್ಯೆಗಾಗಿ ಊರುಗಳನ್ನು ಮೂರು ವರ್ಗ ಮಾಡಲಾಗಿದೆ. 2024ರ ಜನವರಿಯಿಂದ ಈ ಭತ್ಯೆ ಮೂಲ ವೇತನದ ಶೇಕಡಾ 30, 20 ಮತ್ತು 10ರ ದರಕ್ಕೆ ಏರಿತು. ಮುಂಬಯಿ ಮೊದಲನೆಯ ವರ್ಗದಲ್ಲಿದೆ, ಸೊಲ್ಲಾಪುರ ಎರಡನೆಯದರಲ್ಲಿ, ಸಣ್ಣ ಊರುಗಳು ಮೂರನೆಯದರಲ್ಲಿ. ಖಾಸಗಿ ಕೆಲಸದಲ್ಲಿ ಇಂಥ ಕಟ್ಟುಪಾಡಿಲ್ಲ. ಊರಿನ ಅಂತರವನ್ನು ಸಂಬಳದಲ್ಲಿ ಸೇರಿಸಿದ್ದಾರೆಯೇ ಎಂಬುದನ್ನು ಅಭ್ಯರ್ಥಿಯೇ ಲೆಕ್ಕ ಹಾಕಿ ತಿಳಿಯಬೇಕು.

ಒಂದು ಲೆಕ್ಕದ ಮಾದರಿ

ಅಕ್ಕಲಕೋಟೆ ತಾಲ್ಲೂಕಿನ ಪದವೀಧರನೊಬ್ಬನಿಗೆ ಎರಡು ಕೆಲಸಗಳು ಒಟ್ಟಿಗೆ ಒದಗಿವೆ ಎಂದು ಭಾವಿಸೋಣ. ಸೊಲ್ಲಾಪುರದ ವ್ಯಾಪಾರ ಕಚೇರಿಯೊಂದರಲ್ಲಿ ಕೈಗೆ 16,000 ರೂಪಾಯಿ. ಮುಂಬಯಿಯ ಬಲ್ಲಾರ್ಡ್ ಎಸ್ಟೇಟ್ ಪ್ರದೇಶದ ಸರಕು ಸಾಗಣೆಯ ಕಚೇರಿಯಲ್ಲಿ ತಿಂಗಳಿಗೆ ಒಟ್ಟು 30,000, ಅದರಲ್ಲಿ ಮೂಲ ವೇತನ 15,000. ಇಲ್ಲಿ ಬರುವ ಮೊತ್ತಗಳು ಲೆಕ್ಕದ ವಿಧಾನವನ್ನು ತೋರಿಸಲು ಹಿಡಿದವು. ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಿಗಳನ್ನು ಇವುಗಳ ಜಾಗದಲ್ಲಿ ಇಟ್ಟು ನೋಡಬೇಕು.

ನೇಮಕಾತಿ ಪತ್ರದಲ್ಲಿ ಬರೆದ ಒಟ್ಟು ಮೊತ್ತ ಕೈಗೆ ಬರುವುದಿಲ್ಲ. ಭವಿಷ್ಯ ನಿಧಿಗೆ ನೌಕರನ ಪಾಲು ಮೂಲ ವೇತನದ ಶೇಕಡಾ 12, ಅಂದರೆ 1,800. ಮಾಲೀಕರ ಪಾಲಿನ 1,800ನ್ನೂ ಅನೇಕ ಕಂಪನಿಗಳು ಆ ಒಟ್ಟು ಮೊತ್ತದಲ್ಲಿಯೇ ಸೇರಿಸಿರುತ್ತವೆ. ಗ್ರಾಚ್ಯುಟಿಗೆಂದು ಸುಮಾರು 720, ವೃತ್ತಿ ತೆರಿಗೆ 200. ಇವೆಲ್ಲ ಕಳೆದರೆ ಕೈಗೆ ಬರುವುದು 25,480.

ಕಲ್ಯಾಣದ ಬಳಿ ಮೂವರು ಸೇರಿ ಹಿಡಿದ 15,000 ರೂಪಾಯಿ ಬಾಡಿಗೆಯ ಮನೆಯಲ್ಲಿ ಅವನ ಪಾಲು 5,000. ಖಾನಾವಳಿಯ ಊಟಕ್ಕೆ 5,000. ಲೋಕಲ್ ರೈಲಿನ ಪಾಸು ಅಗ್ಗ, ಆದರೆ ನಿಲ್ದಾಣದಿಂದ ಮನೆಗೆ ಶೇರ್ ರಿಕ್ಷಾ, ಬಸ್ಸು ಸೇರಿ 1,500. ವಿದ್ಯುತ್ತು, ಫೋನು ಇತ್ಯಾದಿಗೆ 1,500. ಊರಿಗೆ ಬಂದುಹೋಗಲು 1,000. ಬಟ್ಟೆ, ಔಷಧ, ಕೈಖರ್ಚಿಗೆ 2,500. ಒಟ್ಟು 16,500. ಉಳಿಯುವುದು 8,980.

ಸೊಲ್ಲಾಪುರದ ಕೆಲಸಕ್ಕೆ ಸೇರಿ ಮನೆಯಿಂದಲೇ ಓಡಾಡಿದರೆ ಬಸ್ಸಿಗೆ 2,000, ಮನೆಯ ಖರ್ಚಿಗೆ ಕೊಡುವುದು 4,000, ಫೋನು ಮತ್ತು ಕೈಖರ್ಚು 1,800, ಒಟ್ಟು 7,800. ಉಳಿಯುವುದು 8,200. ಪತ್ರದ ಮೇಲೆ ದುಪ್ಪಟ್ಟಿನ ಹತ್ತಿರ ಕಾಣುತ್ತಿದ್ದ ಸಂಬಳದ ಅಂತರ, ಉಳಿತಾಯಕ್ಕೆ ಬಂದಾಗ 780 ರೂಪಾಯಿಗೆ ಇಳಿಯಿತು. ಮನೆಗೆ ಕೊಟ್ಟ 4,000ದಲ್ಲಿ ಅವನ ಊಟದ ಖರ್ಚು ಕಳೆದು ಮಿಕ್ಕದ್ದು ಮನೆಯಲ್ಲಿಯೇ ಉಳಿಯುತ್ತದೆ ಎಂಬುದನ್ನು ಹಿಡಿದರೆ ಆ ಅಂತರವೂ ಇರಲಾರದು.

ಆದರೆ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುವುದು ಮುಂಬಯಿಗೆ ಮಾಡಿದ ಅನ್ಯಾಯವಾದೀತು. ಭವಿಷ್ಯ ನಿಧಿಗೆ ಪ್ರತಿ ತಿಂಗಳು ಸೇರುವ 3,600 ರೂಪಾಯಿ ನಷ್ಟವಲ್ಲ. ಅದರ ಒಂದಂಶ ಪಿಂಚಣಿಗೆ ಸಲ್ಲುತ್ತದೆ, ಉಳಿದದ್ದು ಬಡ್ಡಿಸಹಿತ ಬೆಳೆಯುತ್ತದೆ. ಊರಿನ ಸಣ್ಣ ಕಚೇರಿಗಳಲ್ಲಿ ಈ ಸೌಲಭ್ಯ ಎಷ್ಟೋ ಸಲ ಇರುವುದೇ ಇಲ್ಲ. ಹಾಗೆಯೇ ಮೊದಲ ವರ್ಷದ ಲೆಕ್ಕ ಕೊನೆಯ ಲೆಕ್ಕವಲ್ಲ. ಆಮದು ರಫ್ತಿನ ಕಾಗದಪತ್ರಗಳ ಕೆಲಸವನ್ನು ಮೂರು ವರ್ಷ ಕಲಿತವನಿಗೆ ಮುಂಬಯಿಯಲ್ಲಿ ಹತ್ತು ಬಾಗಿಲುಗಳಿವೆ. ಊರಿನ ಕಚೇರಿಯಲ್ಲಿ ಅದೇ ಮೂರು ವರ್ಷ ಕಳೆದವನಿಗೆ ಎರಡನೆಯ ಬಾಗಿಲು ಇದೆಯೇ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ. ಉತ್ತರ ಇಲ್ಲವೆಂದಾದರೆ 780 ರೂಪಾಯಿಯ ಅಂತರಕ್ಕೆ ಬೇರೆಯದೇ ಬೆಲೆ ಬರುತ್ತದೆ.

ಮೊದಲ ದಿನದ ಹಣ ಮತ್ತು ಕರಾರು

ತಿಂಗಳ ಲೆಕ್ಕಕ್ಕಿಂತ ಮೊದಲೇ ಬೇಕಾಗುವುದು ಒಟ್ಟಿಗೆ ಕೊಡುವ ಹಣ. ಮಾಲೀಕರಿಗೆ ಠೇವಣಿ, ದಲ್ಲಾಳಿಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ, ಜೊತೆಗೆ ಹಾಸಿಗೆ ಮತ್ತು ಪಾತ್ರೆ. ಠೇವಣಿ ಮನೆ ಬಿಡುವಾಗ ಮರಳಬೇಕಾದದ್ದು, ದಲ್ಲಾಳಿಯ ಹಣ ಮರಳುವುದಿಲ್ಲ. ದಲ್ಲಾಳಿಯ ಪಾಲು 5,000, ಸಾಮಾನಿಗೆ 3,000 ಎಂದು ಹಿಡಿದರೂ ಮೇಲಿನ 780 ರೂಪಾಯಿಯ ಅಂತರದಲ್ಲಿ ಅದನ್ನು ತುಂಬಿಕೊಳ್ಳಲು ಹತ್ತು ತಿಂಗಳಿಗೂ ಹೆಚ್ಚು ಕಾಲ ಬೇಕು. ಬಾಡಿಗೆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಆಗುತ್ತದೆ. ಹಾಕಿದ ಹಣ ತುಂಬಿ ಬರುವ ಹೊತ್ತಿಗೆ ಕರಾರು ಮುಗಿದಿರುತ್ತದೆ. ಮೂರು ತಿಂಗಳು ನೋಡಿ ಬಿಟ್ಟುಬರೋಣವೆಂದು ಹೋಗುವವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಕರಾರಿನ ವಿಷಯದಲ್ಲಿ ಕಾನೂನು ಬಾಡಿಗೆದಾರನ ಪರವಾಗಿದೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೆಯ ಕಲಮಿನ ಪ್ರಕಾರ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು. ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ನೋಂದಣಿಯಾಗದ ಕರಾರಿನ ಷರತ್ತುಗಳ ಬಗ್ಗೆ ವಿವಾದವೆದ್ದರೆ, ವಿರುದ್ಧವಾದುದು ಸಾಬೀತಾಗುವವರೆಗೆ ಬಾಡಿಗೆದಾರನ ಮಾತೇ ನಿಲ್ಲುತ್ತದೆ. ಹೀಗಿದ್ದರೂ ಬಾಯಿಮಾತಿನ ಮೇಲೆ ಠೇವಣಿ ಕೊಟ್ಟು ತೊಂದರೆಗೆ ಸಿಲುಕುವವರುಂಟು. ಹಣ ಕೊಡುವ ಮುನ್ನ ಕಾಗದ ಕೇಳುವುದರಲ್ಲಿ ಸಂಕೋಚವಿರಬಾರದು.

ಕರಾವಳಿಯ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ಸೊಲ್ಲಾಪುರ ಜಿಲ್ಲೆ ಸಾಮಾನ್ಯ ವರ್ಷವಿಡೀ ಕಾಣುವ ಮಳೆಗಿಂತ ಅದು ಹೆಚ್ಚು. ನೆಲಮಹಡಿಯ ಖೋಲಿ ಅಗ್ಗಕ್ಕೆ ಸಿಕ್ಕರೆ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆಂದು ನೆರೆಯವರನ್ನು ವಿಚಾರಿಸಿಯೇ ಹಿಡಿಯಬೇಕು. ಇನ್ನೊಂದು ಬದಿಯಲ್ಲಿ, ನಳದ ನೀರಿಗಾಗಿ ದಿನಗಟ್ಟಲೆ ಕಾಯುವ ಸೊಲ್ಲಾಪುರದ ಮನೆಗಳಿಂದ ಹೋದವರಿಗೆ ದಿನವೂ ನೀರು ಬರುವ ಮನೆ ಸಿಕ್ಕರೆ ಅದೂ ಸಣ್ಣ ಲಾಭವಲ್ಲ.

ಸಮಯವೆಂಬ ಖರ್ಚು

ಕಲ್ಯಾಣದಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ಗೆ ವೇಗದ ಲೋಕಲ್ಲಿಗೂ ಒಂದು ಗಂಟೆಗಿಂತ ಹೆಚ್ಚು ಬೇಕು. ಎರಡೂ ತುದಿಯ ನಡಿಗೆ, ರಿಕ್ಷಾ, ಕಾಯುವಿಕೆ ಸೇರಿದರೆ ಒಂದು ಬದಿಗೆ ಎರಡು ಗಂಟೆ. ತಿಂಗಳಿಗೆ 25 ದಿನದಂತೆ ಅದು 100 ಗಂಟೆ. ಅಕ್ಕಲಕೋಟೆಯಿಂದ ಸುಮಾರು 40 ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ ಹೋಗಿಬರಲು ದಿನಕ್ಕೆ ಎರಡೂವರೆ ಗಂಟೆ ಹಿಡಿದರೆ ಸುಮಾರು 62 ಗಂಟೆ. ಸ್ಪರ್ಧಾ ಪರೀಕ್ಷೆಗೆ ಓದಬೇಕೆಂದಿರುವ ವಿದ್ಯಾರ್ಥಿಗೆ ನಡುವಿನ ಈ 38 ಗಂಟೆಗಳು ಹಣಕ್ಕಿಂತ ಮುಖ್ಯ. ಕಚೇರಿಗೆ ಹತ್ತಿರದ ಖೋಲಿ ಹಿಡಿದರೆ ಸಮಯ ಉಳಿಯುತ್ತದೆ, ಬಾಡಿಗೆ ಏರುತ್ತದೆ. ಮುಂಬಯಿಯಲ್ಲಿ ಈ ಎರಡರಲ್ಲಿ ಒಂದನ್ನು ಕೊಟ್ಟೇ ಇನ್ನೊಂದನ್ನು ಪಡೆಯಬೇಕು.

ಗಡಿಯ ಕನ್ನಡಿಗನ ಲೆಕ್ಕದ ವಿಶೇಷ

ಗಡಿಭಾಗದ ಕನ್ನಡಿಗನಿಗೆ ಮುಂಬಯಿ ಪರರಾಜ್ಯವಲ್ಲ. ರಹವಾಸಿ ದಾಖಲೆ, ಜಾತಿ ಪ್ರಮಾಣಪತ್ರ ಅಲ್ಲಿಯೂ ಊರ್ಜಿತ. ಪರಿಶಿಷ್ಟ ಜಾತಿ, ಪಂಗಡಗಳ ಮೀಸಲಾತಿ ಬೇರೆ ರಾಜ್ಯಕ್ಕೆ ವಲಸೆ ಹೋದವರ ಹಿಂದೆ ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲಿಯೇ ತೀರ್ಮಾನಿಸಿದೆ. ಮುಂಬಯಿಗೋ ಮಂಗಳೂರಿಗೋ ಎಂದು ತೂಗುವವರು ಇದನ್ನು ಮರೆಯುವಂತಿಲ್ಲ. ಮರಾಠಿ ಬಲ್ಲವನೆಂಬುದೂ ಅವನಿಗೆ ಅನುಕೂಲ. ಬೇರೆಡೆಯ ಕನ್ನಡಿಗರು ಅಲ್ಲಿಗೆ ಹೋಗಿ ಕಲಿಯುವ ಭಾಷೆಯನ್ನು ಇವನು ಬಾಲ್ಯದಲ್ಲಿಯೇ ಸಂತೆಯಲ್ಲಿ, ಬಸ್‌ ನಿಲ್ದಾಣದಲ್ಲಿ ಕಲಿತಿರುತ್ತಾನೆ.

ಕನ್ನಡಕ್ಕೂ ಅಲ್ಲಿ ನೆಲೆಯಿದೆ. ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತ ಬಂದಿದೆ. ಯಶವಂತ ಚಿತ್ತಾಲರ ‘ಶಿಕಾರಿ’, ಜಯಂತ ಕಾಯ್ಕಿಣಿಯವರ ಕಥೆಗಳು ಆ ನಗರದ ಒಂಟಿತನವನ್ನೂ ಆತ್ಮೀಯತೆಯನ್ನೂ ಕನ್ನಡಕ್ಕೆ ತಂದಿವೆ. ಹೊರಡುವವರು ಅವನ್ನು ಓದಿ ಹೊರಡುವುದು ಒಳ್ಳೆಯದು. ಆದರೂ ಒಂದು ವ್ಯತ್ಯಾಸವಿದೆ. ಊರಿನಲ್ಲಿ ಕನ್ನಡ ತಾನಾಗಿ ಕಿವಿಗೆ ಬೀಳುತ್ತದೆ, ಮುಂಬಯಿಯಲ್ಲಿ ಅದನ್ನು ಭಾನುವಾರ ರೈಲು ಹತ್ತಿ ಹುಡುಕಿಕೊಂಡು ಹೋಗಬೇಕು. ಒಬ್ಬಂಟಿಯಾಗಿ ಹೋದವನಿಗೆ ಇದು ದೊಡ್ಡ ವಿಷಯವೆನಿಸದು. ಸಂಸಾರ ಬೆಳೆದು ಮಗುವನ್ನು ಯಾವ ಮಾಧ್ಯಮದ ಶಾಲೆಗೆ ಸೇರಿಸಬೇಕೆಂಬ ದಿನ ಬಂದಾಗ ಇದೇ ಮೊದಲ ಪ್ರಶ್ನೆಯಾಗುತ್ತದೆ. ಇತ್ತ ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿಗೆ ಮಕ್ಕಳೂ ಬೇಕು, ನಾಳೆ ಕಲಿಸುವ ಪದವೀಧರರೂ ಬೇಕು. ಹೊರಟವರ ಲೆಕ್ಕದ ಪುಸ್ತಕದಲ್ಲಿ ಈ ಕೊರತೆಗೆ ಕಲಮಿಲ್ಲ, ಊರಿನ ಪುಸ್ತಕದಲ್ಲಿ ಮಾತ್ರ ಅದು ಕಾಣುತ್ತದೆ.

ತೂಗುವ ಕ್ರಮ

ಆದ್ದರಿಂದ ನಿರ್ಧರಿಸುವ ಮುನ್ನ ನಾಲ್ಕು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆಯಬೇಕು: ಕೈಗೆ ಬರುವ ಹಣ, ತಿಂಗಳ ಕೊನೆಗೆ ಉಳಿಯುವ ಹಣ, ಹೊರಡುವ ದಿನ ಬೇಕಾಗುವ ಹಣ, ತಿಂಗಳಿಗೆ ದಾರಿಯಲ್ಲಿ ಕಳೆಯುವ ಗಂಟೆಗಳು. ಅದರ ಕೆಳಗೆ ಅಂಕಿಯಲ್ಲಿ ಹಿಡಿಯಲಾಗದ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಮೂರು ವರ್ಷಗಳ ನಂತರ ಈ ಕೆಲಸ ಏನನ್ನು ಕಲಿಸಿರುತ್ತದೆ? ಮನೆಯ ಹಿರಿಯರಿಗೆ ಕಾಯಿಲೆಯಾದರೆ ಓಡಿಬರುವವರು ಯಾರು? ಈ ಹಾಳೆಯನ್ನು ಮನೆಯವರ ಎದುರು ಓದಿ ಹೋಗುವವನು ಅಲ್ಲಿಯ ಮೊದಲ ಮಳೆಗಾಲಕ್ಕೆ ಎದೆಗುಂದುವುದಿಲ್ಲ. ಓದಿ ಉಳಿಯುವವನು, ಗೆಳೆಯರ ಸಂಬಳದ ಸುದ್ದಿ ಕೇಳಿದಾಗಲೆಲ್ಲ ಹಲುಬುವುದಿಲ್ಲ.