ಸಿಗ್ನಲ್‌ನಲ್ಲಿ ನಿಂತುಹೋಗುವ ಹಳೇ ಕಾರು: ಸ್ಕ್ರೂ ತಿರುಗಿಸುವ ಮುನ್ನ



ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತವಳಿಗೆ ಕಾರ್ಬುರೇಟರ್ ಉಸಾಬರಿ ಯಾಕೆ ಅಂತ ಕೇಳಬೇಡಿ. ನಮ್ಮಪ್ಪ 1994ರಲ್ಲಿ ಕೊಂಡ ಮಾರುತಿ 800 ಇನ್ನೂ ನಮ್ಮ ಮನೆಯಲ್ಲಿದೆ. ಹೋದ ವರ್ಷ ಅದಕ್ಕೊಂದು ಚಾಳಿ ಹತ್ತಿತು. ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು, ಕಾಲು ಆಕ್ಸಲರೇಟರ್ ಬಿಟ್ಟ ತಕ್ಷಣ ನಡುಗಿ ನಿಂತುಬಿಡುತ್ತಿತ್ತು. ಸಾಯನ್ ಸಿಗ್ನಲ್‌ನಲ್ಲಿ ಒಂದು ಸಂಜೆ ಮೂರು ಸಲ ನಿಂತಿತು. ಹಿಂದಿನವರ ಹಾರ್ನ್ ಕೇಳಿ ಅಪ್ಪನ ಕೈ ನಡುಗಿದ್ದನ್ನು ನಾನು ನೋಡಿದೆ. ಅಂದಿನಿಂದ ಅವರು ಗಾಡಿ ತೆಗೆಯುವುದನ್ನೇ ಬಿಟ್ಟರು. ಗುಜರಿಗೆ ಕೊಡುವ ಮಾತೂ ಮನೆಯಲ್ಲಿ ಶುರುವಾಯಿತು. ಒಬ್ಬ ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ತಿರುಗಿಸಿ ಸೋತು, ಕಾರ್ಬುರೇಟರನ್ನೇ ಬದಲಿಸಬೇಕು ಎಂದಿದ್ದ. ಕೊನೆಗೆ ಸಿಕ್ಕ ದೋಷ ಏನೆಂದು ಮುಂದೆ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಹಳೇ 800, ಪದ್ಮಿನಿ ಅಥವಾ ಅಂಬಾಸಿಡರ್ ಇದ್ದರೆ ಇದು ನಿಮಗಾಗಿ.

ಮೊದಲು ವಿಷಯ ತಿಳಿಯೋಣ. ಕಾರ್ಬುರೇಟರಿನಲ್ಲಿ ಪೆಟ್ರೋಲ್‌ಗೆ ಎರಡು ದಾರಿಗಳಿವೆ. ಗಾಡಿ ಓಡುವಾಗ ಥ್ರಾಟಲ್ ತಟ್ಟೆ ತೆರೆದಿರುತ್ತದೆ. ಆಗ ಗಾಳಿ ರಭಸದಿಂದ ನುಗ್ಗಿ ಮೇನ್ ಜೆಟ್‌ನಿಂದ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಕಾಲು ತೆಗೆದಾಗ ಆ ತಟ್ಟೆ ಬಹುಪಾಲು ಮುಚ್ಚುತ್ತದೆ. ಆಗ ಎಂಜಿನ್ ಬದುಕುವುದು ಸ್ಲೋ ಜೆಟ್ ಎಂಬ ಕೂದಲೆಳೆಯಂಥ ತೂತಿನಿಂದ ಬರುವ ಹನಿ ಪೆಟ್ರೋಲ್‌ನಿಂದ. ಆದ್ದರಿಂದ ಓಡುವಾಗ ಸರಿ, ನಿಂತಾಗ ಮಾತ್ರ ತೊಂದರೆ ಎಂದರೆ, ಮೇನ್ ಜೆಟ್ ಬಿಟ್ಟು ಈ ಸಣ್ಣ ದಾರಿಯನ್ನು ಮೊದಲು ಅನುಮಾನಿಸಬೇಕು.

ಈ ದಾರಿ ಕಟ್ಟಿಕೊಳ್ಳುವುದು ಯಾಕೆ? ಶಹರದಲ್ಲಿ ಹಳೇ ಗಾಡಿ ಹೊರಗೆ ಬರುವುದೇ ಭಾನುವಾರಕ್ಕೊಮ್ಮೆ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ, ಅಂಟಿನಂಥ ಪದರ ಉಳಿಯುತ್ತದೆ. ಮುಂಬಯಿ ಗ್ಯಾರೇಜಿನವರು ಅದಕ್ಕೆ ‘ಕಚರಾ’ ಅನ್ನುತ್ತಾರೆ. ಜತೆಗೆ ಈಗಿನ ಬಂಕುಗಳ ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೂ ಎಥನಾಲ್ ಇರುತ್ತದೆ. ಅದು ನೀರಿನ ಪಸೆಯನ್ನು ಹೀರುತ್ತದೆ, ಹಳೇ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ.

ಈಗ ಪರೀಕ್ಷೆ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಗಾಡಿ ಬಯಲಲ್ಲಿರಲಿ, ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಇಂಗಾಲದ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಆದರೆ ಜೀವ ತೆಗೆಯುತ್ತದೆ.

ಒಂದು: ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಹಳೇ ಮಾದರಿಯಾದರೆ ಪಾಯಿಂಟ್ ನೋಡಿಸಿ. ಕಿಡಿ ಸರಿಯಿಲ್ಲದಿದ್ದರೂ ಎಂಜಿನ್ ಹೀಗೇ ನಡುಗುತ್ತದೆ, ಬೈಗುಳ ಮಾತ್ರ ಕಾರ್ಬುರೇಟರಿಗೆ ಬೀಳುತ್ತದೆ.

ಎರಡು: ಚೋಕ್ ಸ್ವಲ್ಪ ಎಳೆಯಿರಿ. ನಡುಗುತ್ತಿದ್ದ ಎಂಜಿನ್ ಆಗ ಸುಧಾರಿಸಿದರೆ, ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಲ್ಲಿಂದಲೋ ಬೇಡದ ಗಾಳಿ ಒಳಗೆ ಹೋಗುತ್ತಿದೆ. ಬದಲಿಗೆ ಇನ್ನೂ ಕೆಟ್ಟು ಕಪ್ಪು ಹೊಗೆ ಬಂದರೆ, ಪೆಟ್ರೋಲ್ ಹೆಚ್ಚಾಗಿದೆ. ಆಗ ಚೋಕ್ ಪೂರ್ತಿ ಹಿಂದಕ್ಕೆ ಹೋಗುತ್ತಿದೆಯೇ, ಫ್ಲೋಟ್‌ನ ಸೂಜಿ ವಾಲ್ವ್ ಸರಿಯಾಗಿ ಮುಚ್ಚುತ್ತಿದೆಯೇ ನೋಡಿಸಿ.

ಮೂರು: ಬೇಡದ ಗಾಳಿ ಹುಡುಕಲು ಕಿವಿಯೇ ಸಾಧನ. ಒಂದು ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಕಾರ್ಬುರೇಟರಿನ ಬುಡದಲ್ಲಿ, ವ್ಯಾಕ್ಯೂಮ್ ಪೈಪುಗಳ ಪಕ್ಕದಲ್ಲಿ ಆಡಿಸಿ. ಫ್ಯಾನ್ ಮತ್ತು ಬೆಲ್ಟ್‌ನಿಂದ ದೂರವಿರಿ. ‘ಸುಸ್’ ಎಂಬ ಸದ್ದು ಕೇಳಿದ ಕಡೆ ಗ್ಯಾಸ್ಕೆಟ್ ಹೋಗಿದೆ ಅಥವಾ ಪೈಪು ಬಿರುಕು ಬಿಟ್ಟಿದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ನೋಡುವವರಿದ್ದಾರೆ. ಅದು ಬೆಂಕಿಗೆ ಆಹ್ವಾನ, ಬೇಡ.

ನಾಲ್ಕು: ನಿಮ್ಮ ಕಾರ್ಬುರೇಟರಿಗೆ ವೈರು ಇರುವ ಸೊಲೆನಾಯ್ಡ್ ಇದ್ದರೆ, ಇಗ್ನಿಷನ್ ಹಾಕಿದಾಗ ‘ಟಕ್’ ಎನ್ನಬೇಕು. ಅನ್ನದಿದ್ದರೆ ವೈರು ಸಡಿಲವಾಗಿರಬಹುದು ಅಥವಾ ಸೊಲೆನಾಯ್ಡ್ ಕೆಟ್ಟಿರಬಹುದು. ಅದು ತೆರೆಯದಿದ್ದರೆ ಸ್ಲೋ ಜೆಟ್‌ಗೆ ಪೆಟ್ರೋಲೇ ಹೋಗುವುದಿಲ್ಲ.

ಐದು: ಮಿಕ್ಸ್‌ಚರ್ ಸ್ಕ್ರೂ ಎಷ್ಟು ಸುತ್ತು ತೆರೆದಿದೆ ಎಂದು ಎಣಿಸಿ ಬರೆದಿಟ್ಟುಕೊಂಡು ನಿಧಾನವಾಗಿ ಒಳಕ್ಕೆ ತಿರುಗಿಸಿ. ಎಂಜಿನ್ ದನಿ ಬದಲಾಗಬೇಕು. ಬದಲಾಗದಿದ್ದರೆ ಸಣ್ಣ ದಾರಿ ಕಟ್ಟಿದೆ ಎಂದರ್ಥ. ಆಗ ಎಂಜಿನ್ ಆರಿಸಿ, ತಣ್ಣಗಾದ ಮೇಲೆ, ಬ್ಯಾಟರಿ ತಂತಿ ಕಳಚಿ ಜೆಟ್ ಬಿಚ್ಚಿಸಿ. ಕಾರ್ಬುರೇಟರ್ ಕ್ಲೀನರ್ ಮತ್ತು ಗಾಳಿಯಿಂದಲೇ ಶುಚಿ ಮಾಡಿಸಿ. ಸೂಜಿ, ತಂತಿ ಹಾಕಲು ಬಿಡಬೇಡಿ. ತೂತು ಹಿಗ್ಗಿದರೆ ಜೆಟ್ ಕೆಟ್ಟಂತೆಯೇ.

ಇಷ್ಟಾದ ಮೇಲೆ ಮಾತ್ರ ಟ್ಯೂನಿಂಗ್. ಮಿಕ್ಸ್‌ಚರ್ ಸ್ಕ್ರೂ ತಿರುಗಿಸುತ್ತ ಎಂಜಿನ್ ಅತ್ಯಂತ ನಯವಾಗಿ ಓಡುವ ಜಾಗದಲ್ಲಿ ನಿಲ್ಲಿಸಿ. ನಂತರ ಸ್ಪೀಡ್ ಸ್ಕ್ರೂನಿಂದ ನಿಮ್ಮ ಕಾರಿನ ಪುಸ್ತಕದಲ್ಲಿರುವ ವೇಗಕ್ಕೆ ತನ್ನಿ. ಬಹಳಷ್ಟು ಹಳೇ ಕಾರುಗಳಲ್ಲಿ ಅದು ನಿಮಿಷಕ್ಕೆ 800 ಸುತ್ತಿನ ಆಸುಪಾಸು. ಮಿಕ್ಸ್‌ಚರ್ ಸ್ಕ್ರೂ ಬಿಗಿಯಾಗಿ ಒತ್ತಬೇಡಿ, ತುದಿ ಸವೆದುಹೋಗುತ್ತದೆ.

ಸ್ಪೀಡ್ ಸ್ಕ್ರೂ ಏರಿಸಿ ರೋಗ ಮುಚ್ಚುವುದು ಸುಲಭ. ಆದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಪಿಯುಸಿಯಲ್ಲೂ ಸಿಕ್ಕಿಬೀಳುತ್ತೀರಿ. ಪೆಟ್ರೋಲ್ ಕಾರುಗಳ ಆ ಪರೀಕ್ಷೆ ನಡೆಯುವುದೇ ಐಡಲಿಂಗ್‌ನಲ್ಲಿ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಕಾರುಗಳ ಹೊಗೆಯಲ್ಲಿ ಮೊನಾಕ್ಸೈಡ್ ಶೇಕಡಾ 3 ಮೀರಬಾರದು.

ಇನ್ನು ನಮ್ಮ ಗಾಡಿಯ ಕಥೆ. ಚೋಕ್ ಎಳೆದಾಗ ಅದು ಸುಧಾರಿಸಿತು. ಪೈಪ್ ಕಿವಿಗಿಟ್ಟವರು ಅಪ್ಪನೇ. “ಇಲ್ಲಿ ಸುಸ್ ಅಂತಿದೆ ನೋಡವ್ವಾ” ಅಂದರು. ಬೆರಳುದ್ದದ ವ್ಯಾಕ್ಯೂಮ್ ಪೈಪೊಂದು ಅಡಿಭಾಗದಲ್ಲಿ ಸೀಳಿತ್ತು, ಮೇಲಿಂದ ನೋಡಿದರೆ ಕಾಣುತ್ತಲೇ ಇರಲಿಲ್ಲ. ಹೊಸ ಪೈಪು ಹಾಕಿಸಿ, ಮುಂಚೆ ತಿರುಗಿಸಿದ್ದ ಸ್ಕ್ರೂಗಳನ್ನು ಮತ್ತೆ ಹದಕ್ಕೆ ತಂದೆವು. ಕಾರ್ಬುರೇಟರ್ ಹಳೆಯದೇ ಇದೆ. ಮುಂದಿನ ಭಾನುವಾರ ಅಪ್ಪ ಅದೇ ಸಿಗ್ನಲ್‌ನಲ್ಲಿ ರೇಡಿಯೋ ಆರಿಸಿ, ಕೆಂಪು ದೀಪ ಹಸಿರಾಗುವವರೆಗೂ ಎಂಜಿನ್ ಸದ್ದನ್ನೇ ಕೇಳುತ್ತ ಕೂತಿದ್ದರು. ರೇಡಿಯೋ ಆರಿಸಿದ್ದಕ್ಕೆ ಆ ಒಂದು ದಿನ ನಾನು ಬೇಸರ ಮಾಡಿಕೊಳ್ಳಲಿಲ್ಲ.

ಮತ್ತೆ ಕಾರ್ಯಕ್ರಮದಲ್ಲಿ ಭೇಟಿಯಾಗೋಣ. ಅಲ್ಲಿಯವರೆಗೆ ವಾರಕ್ಕೊಮ್ಮೆಯಾದರೂ ಗಾಡಿ ಹೊರಗೆ ತೆಗೆಯಿರಿ. ನಮಸ್ಕಾರ.