ಅಕ್ಕಡಿ ಸಾಲಿನ ಅರ್ಥಶಾಸ್ತ್ರ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಕೆಮ್ಮಣ್ಣು ನೀರನ್ನು ಬಹುಕಾಲ ಹಿಡಿದಿಡಲಾರದು; ಸಾರಜನಕವೂ ಅದರಲ್ಲಿ ಅಲ್ಪ. ಮಳೆ ಕೈಕೊಟ್ಟ ವರ್ಷ, ಸಾಲಮಾಡಿ ಸುರಿದ ಗೊಬ್ಬರದ ಹಣ ರೈತನಿಗೆ ಮರಳುವುದು ದುರ್ಲಭ. ಇದನ್ನರಿತೇ ಹಿರಿಯರು ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿಯನ್ನಿಟ್ಟರು.

ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿ ನೆಲಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಸಸ್ಯಾಹಾರವಾಗಿಸುತ್ತವೆ. ಉದುರಿದ ಎಲೆ ನೆಲಕ್ಕೆ ಗೊಬ್ಬರವಾಗುತ್ತದೆ. ರಾಗಿಯ ಬೇರು ಮೇಲ್ಪದರದಲ್ಲಿ ಹರಡಿದರೆ ತೊಗರಿಯದು ಆಳಕ್ಕಿಳಿಯುತ್ತದೆ. ಆದುದರಿಂದ ರಾಗಿ ಸೊರಗಿದರೂ ಹಿಂಗಾರಿನ ಹನಿಗೆ ಕಾಳು ಕೈಸೇರುವ ಸಂಭವವುಂಟು. 1964ರಲ್ಲಿ ಆರಂಭಗೊಂಡ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವೂ 8 ಸಾಲು ರಾಗಿಗೆ 2 ಸಾಲು ತೊಗರಿಯ ಕ್ರಮವನ್ನು ಶಿಫಾರಸು ಮಾಡಿದೆ.

ಇದರೊಡನೆ ಕೊಟ್ಟಿಗೆಗೊಬ್ಬರವನ್ನುಣಿಸಿ, ಇಳಿಜಾರಿಗೆ ಅಡ್ಡಲಾಗಿ ಉತ್ತು, ಮಣ್ಣುಪರೀಕ್ಷೆ ತೋರಿದ ಕೊರತೆಯನ್ನಷ್ಟೇ ತುಂಬಿದರೆ ವೆಚ್ಚ ತಗ್ಗುವುದು, ಭೂಮಿಯ ಕಸುವೂ ಉಳಿಯುವುದು.