ನಾಯಿ ಕಚ್ಚಿ ಸೂಜಿ ಮಾಡಿಸಿಕೊಂಡಿರಾ? ಎರಡು ದಿನ ಎಣ್ಣೆ ಹೊಡೆಯೋಕೆ ಹೋಗಬೇಡಿ

ಬೆಳಗ್ಗೆ ಹತ್ತಿ ಹೊಲಕ್ಕೆ ಹೊರಟಾಗ ಹಾದಿಯಲ್ಲಿ ನಾಯಿ ಕಚ್ಚಿತು ಅಂದ್ಕೊಳ್ಳಿ. ಸಾಬೂನು ಹಚ್ಚಿ, ಹರಿಯುವ ನೀರಲ್ಲಿ 15 ನಿಮಿಷ ಗಾಯ ತೊಳೆದಿರಿ. ಸುಣ್ಣ, ಖಾರದ ಪುಡಿ ಏನೂ ಮೆತ್ತಲಿಲ್ಲ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ಮೊದಲ ಡೋಸ್, ಜೊತೆಗೆ ಧನುರ್ವಾಯು ಸೂಜಿ ಮಾಡಿಸಿಕೊಂಡು ಬಂದಿರಿ. ಇಲ್ಲಿವರೆಗೆ ಎಲ್ಲಾ ಸರಿ. ಸಂತೆಕಲ್ಲೂರು, ಮಸ್ಕಿ, ಲಿಂಗಸುಗೂರು ಕಡೆಯ ಹುಡುಗರು ಕೇಳೋದು ಇದರ ಮುಂದಿನ ಮಾತು: ನಾಳೆ ಹೊಲಕ್ಕೆ ಹೋಗಬಹುದಾ?

ಸೂಜಿ ಹಾಕಿದ ಮೇಲೆ ಅರ್ಧ ತಾಸು ಆಸ್ಪತ್ರೆಯಲ್ಲೇ ಕೂತಿರಿ. ತುಟಿ, ಮುಖ ಊದಿಕೊಳ್ಳೋದು, ಉಸಿರು ಕಟ್ಟೋದು, ಮೈತುಂಬಾ ದದ್ದು ಏಳೋದು ಬಹಳ ಅಪರೂಪ. ಆದರೆ ಆಗೋದಿದ್ದರೆ ಸಾಮಾನ್ಯವಾಗಿ ಆ ಅರ್ಧ ತಾಸಿನಲ್ಲೇ ಆಗುತ್ತೆ. ಮನೆಗೆ ಬಂದ ಮೇಲೆ ಹೀಗಾದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ತೋಳು ನೋವು, ಸೂಜಿ ಚುಚ್ಚಿದಲ್ಲಿ ಕೆಂಪಾಗಿ ತುರಿಕೆ, ಸಣ್ಣ ಜ್ವರ, ಮೈಕೈ ನೋವು ಒಂದೆರಡು ದಿನ ಇರಬಹುದು. ಹೆದರಬೇಡಿ. ಆ ಜಾಗ ತಿಕ್ಕಬೇಡಿ, ಬೇಕಾದರೆ ತಣ್ಣೀರಿನ ಬಟ್ಟೆ ಇಡಿ. ಜ್ವರ ಕಾಡಿದರೆ ಪ್ಯಾರಾಸಿಟಮಾಲ್ 500ರ ಒಂದು ಗುಳಿಗೆ ಸಾಕು. ಜ್ವರ ಬಂತು ಅಂತ ಮುಂದಿನ ಡೋಸ್ ಬಿಡೋದು ಮಾತ್ರ ಬೇಡವೇ ಬೇಡ. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿತು ಅಂದರೆ ಆಮೇಲೆ ಬದುಕಿ ಉಳಿಯೋದು ಇಲ್ಲ ಅನ್ನುವಷ್ಟು ಕಡಿಮೆ.

ಈಗ ಹೊಲದ ಮಾತಿಗೆ ಬರೋಣ. ಕೂಲಿ ಹಚ್ಚೋದು, ನೀರು ಕಟ್ಟೋದು ಮಾಡಬಹುದು, ಗಾಯಕ್ಕೆ ಕೆಸರು ತಾಗದಿದ್ದರೆ ಆಯ್ತು. ಎಣ್ಣೆ ಹೊಡೆಯೋದನ್ನು ಮಾತ್ರ ಎರಡು ದಿನ ಮುಂದಕ್ಕೆ ಹಾಕಿ. 16 ಲೀಟರಿನ ಪಂಪಿನ ಪಟ್ಟಿ ನೋಯುವ ತೋಳಿನ ಮೇಲೇ ಕೂರುತ್ತೆ, ಅದೊಂದು. ಇನ್ನೊಂದು ದೊಡ್ಡ ಮಾತು ಅಂದರೆ, ತಲೆನೋವು, ವಾಕರಿಕೆ, ತಲೆ ತಿರುಗೋದು ಲಸಿಕೆಯಿಂದಲೂ ಬರುತ್ತೆ, ಕೀಟನಾಶಕ ಮೈಗೇರಿದರೂ ಬರುತ್ತೆ. "ಸೂಜಿ ಮಾಡಿಸಿದ್ದಕ್ಕೆ ಹಿಂಗಾಗೇತಿ" ಅಂತ ಮಲಗಿಬಿಟ್ಟರೆ ವಿಷದ ಚಿಕಿತ್ಸೆಗೆ ತಡವಾಗುತ್ತೆ. ಎಣ್ಣೆ ಹೊಡೆದ ದಿನ ಹೀಗಾದರೆ ಡಬ್ಬಿ ಸಮೇತ ಆಸ್ಪತ್ರೆಗೆ ನಡೀರಿ.

ಪಥ್ಯದ ವಿಷಯ ಮನೆಮನೆಯಲ್ಲೂ ಬರುತ್ತೆ. ಬದನೆಕಾಯಿ ಬೇಡ, ಮಾಂಸ ಬೇಡ, ಸ್ನಾನ ಬೇಡ ಅಂತಾರೆ ಹಿರಿಯರು. ಅವರ ಕಾಲದಲ್ಲಿ ಹೊಕ್ಕಳ ಸುತ್ತ 14 ಸೂಜಿ ಚುಚ್ಚುತ್ತಿದ್ದರು, ಆ ಹೆದರಿಕೆ ಇನ್ನೂ ಹೋಗಿಲ್ಲ. ಆ ಹಳೆ ಲಸಿಕೆಯನ್ನು ದೇಶದಲ್ಲಿ 2004ರಲ್ಲೇ ನಿಲ್ಲಿಸಿದರು. ಈಗಿನದಕ್ಕೆ ಪಥ್ಯವಿಲ್ಲ. ರೊಟ್ಟಿ, ಪಲ್ಯ ತಿನ್ನೋದು ತಿನ್ನಿ, ಸ್ನಾನವನ್ನೂ ಮಾಡಿ. ಕುಡಿಯೋದನ್ನು ಮಾತ್ರ ಬಿಡಿ, ಯಾವ ಅಮಲು ಯಾವ ಸುಸ್ತು ಅಂತ ಗೊತ್ತಾಗಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಎರಡೂ ತೋಳಿಗೆ ಚರ್ಮದೊಳಗೆ ಹಾಕುತ್ತಾರೆ. ಮೊದಲ ದಿನವನ್ನು ಸೊನ್ನೆ ಅಂತ ಎಣಿಸಿ, ಆಮೇಲೆ 3, 7, 28ನೇ ದಿನ. ತೋಳಿನ ಸ್ನಾಯುವಿಗೆ ಹಾಕಿದರೆ 14ನೇ ದಿನವೂ ಸೇರುತ್ತೆ. ಬಹಳ ಮಂದಿ ಬಿಟ್ಟುಬಿಡೋದು 28ರದ್ದು, ಅಷ್ಟೊತ್ತಿಗೆ ಗಾಯ ಮಾಸಿರುತ್ತೆ. ಇವತ್ತೇ ಮೊಬೈಲಿನಲ್ಲಿ ಅಲಾರಾಂ ಇಡಿ, ಲಸಿಕೆ ಚೀಟಿಯ ಫೋಟೊ ತೆಗೆದಿಡಿ. ನಡುವೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಅದೇ ಚೀಟಿ ತೋರಿಸಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮುಂದುವರಿಸಬಹುದು. ದಿನ ತಪ್ಪಿದ್ದರೂ ಮೊದಲಿಂದ ಶುರು ಮಾಡಬೇಕಿಲ್ಲ, ನೆನಪಾದ ದಿನವೇ ಹೋಗಿ ಉಳಿದದ್ದನ್ನು ಹಾಕಿಸಿಕೊಳ್ಳಿ.